ಶುಕ್ರವಾರ ನಡೆದು ಬಂದವಳು

“ಏ ಖೋಡಿ, ನೆಟ್ಟಗ ಹಿಡಿಯೋ! ಅವನ್ನ ಬೈಯಾಕ ಹೊಂಟಾಕಿ ನಾನು. ಹಾದ್ಯಾಗ ನಾನ ಬಿದ್ದ ಸತ್ರ ಬೈಯಾವ್ರು ಯಾರು?”

ಹೀಗೆ ಕೂಗುತ್ತಿದ್ದವಳು ನಮ್ಮ ದೊಡ್ಡವ್ವ. ಗೋರೆಗಾಂವ್‌ನ ನಮ್ಮ ಚಾಳಿನ ಎರಡನೇ ಮಾಳಿಗೆಯಿಂದ ಅವಳನ್ನು ಕಬ್ಬಿಣದ ಕುರ್ಚಿಯ ಮೇಲೆ ಕೂರಿಸಿ ಕೆಳಗಿಳಿಸುತ್ತಿದ್ದೆವು. ಕುರ್ಚಿಯ ಮುಂದಿನ ಕಾಲು ನನ್ನ ಕೈಯಲ್ಲಿ, ಬೆನ್ನಿನ ಕಡೆ ಪಕ್ಕದ ಖೋಲಿಯ ಶೇವಂತಾಬಾಯಿಯ ಗಂಡನ ಕೈಯಲ್ಲಿ. ಮರದ ಮೆಟ್ಟಿಲು, ಇಕ್ಕಟ್ಟು, ಒಂದು ಕಡೆ ಕಟಕಟೆ ಮುರಿದಿತ್ತು. ಶೇವಂತಾಬಾಯಿ ಮೇಲಿನಿಂದ “ಸಾಂಭಾಳ ರೇ, ಮ್ಹಾತಾರಿ ಪಡೇಲ್!” ಎಂದು ಬಡಕೊಳ್ಳುತ್ತಿದ್ದಳು. ಮುದುಕಿ ಬೀಳ್ತಾಳೆ, ಹುಷಾರು ಅಂತ. ದೊಡ್ಡವ್ವ ಅವಳನ್ನೂ ಬಿಡಲಿಲ್ಲ. “ನಿನ್ನ ಗಂಡಗ ಹೇಳ ಬಾಯಿ, ಹಿಂದ ಜಗ್ಗಬ್ಯಾಡ ಅಂತ!” ಕನ್ನಡದ ಒಂದು ಅಕ್ಷರ ಬಾರದ ಶೇವಂತಾಬಾಯಿ “ಹೋ, ಹೋ” ಅಂದಳು.

ಅದು ಭಾನುವಾರ ಮಧ್ಯಾಹ್ನ. ಮಳೆಗಾಲ ಶುರುವಾದಾಗಿನಿಂದ ದೊಡ್ಡವ್ವ ಆ ಮೆಟ್ಟಿಲು ಇಳಿದಿರಲಿಲ್ಲ. ಎರಡೂ ಮಂಡಿ ಊದಿಕೊಂಡಿದ್ದವು. ಗೋಡೆ ಹಿಡಿದುಕೊಂಡು ಒಲೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಹಾಸಿಗೆಗೆ, ಇಷ್ಟೇ ಅವಳ ಓಡಾಟ. ಚರ್ಚಿನ ಸಭೆಗೂ ಹೋಗಲು ಆಗುತ್ತಿರಲಿಲ್ಲ. ಗುರುವಾರದ ಪ್ರಾರ್ಥನೆಯನ್ನು ಜನ ನಮ್ಮ ಖೋಲಿಗೇ ಬಂದು ಮಾಡಿ ಹೋಗುತ್ತಿದ್ದರು. ಓದುವವರು ಈ ಒಂದು ಮಾತು ನೆನಪಿಟ್ಟುಕೊಳ್ಳಬೇಕು. ಅವಳು ನಡೆಯುತ್ತಿರಲಿಲ್ಲ. ನಡೆಯಲು ಆಗುತ್ತಿರಲಿಲ್ಲ.

ನಾನು ಇಂಥ ವಿಷಯ ಬರೆಯುವವನಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಕಿಟಕಿಗೆ ಗ್ರಿಲ್ ವೆಲ್ಡಿಂಗ್ ಮಾಡುವವನು. ಕಬ್ಬಿಣಕ್ಕೆ ಕಬ್ಬಿಣ ಹತ್ತಿತು, ಇಲ್ಲವೇ ಹತ್ತಲಿಲ್ಲ. ನಡುವೆ ಮೂರನೆಯದು ಇಲ್ಲ. ಸಭೆಯಲ್ಲಿ ಯಾರಾದರೂ ಎದ್ದು ನಿಂತು ನನಗೆ ದರ್ಶನವಾಯಿತು, ಬೆಳಕು ಕಂಡಿತು, ಯಾರೋ ಹೆಸರು ಹಿಡಿದು ಕರೆದರು ಅಂತ ಸಾಕ್ಷಿ ಹೇಳತೊಡಗಿದರೆ ನಾನು ಮೆಲ್ಲಗೆ ಹೊರಗೆ ಬಂದು ಚಪ್ಪಲಿಗಳ ಹತ್ತಿರ ನಿಲ್ಲುತ್ತಿದ್ದೆ. ದೇವರಿದ್ದಾನೆ, ಅವನಿಗೆ ಕೈಮುಗಿಯಬೇಕು, ಜನರಿಗೆ ಮೋಸ ಮಾಡಬಾರದು. ಇದರ ಮೇಲಿನದೆಲ್ಲ ಬಾಯಿಮಾತು ಅಂತ ನನ್ನ ಲೆಕ್ಕ. ಈಗಲೂ ಸುಮಾರಾಗಿ ಹಾಗೇ ಇದ್ದೇನೆ. ಆದರೆ ಆ ಮೂರು ದಿನದ ಸಂಗತಿಗೆ ನನ್ನ ಹತ್ತಿರ ಉತ್ತರವಿಲ್ಲ. ಬರೆದುಕೊಡು ಅಂತ ಪಾಸ್ಟರ್ ಬಹಳ ಸಲ ಹೇಳಿದರು. ಬರೆಯುತ್ತಿದ್ದೇನೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ.

ಮೊದಲು ದೊಡ್ಡವ್ವನ ಬಗ್ಗೆ ಹೇಳಬೇಕು. ನನ್ನ ಅವ್ವನ ಅಕ್ಕ ಅವಳು. ಅವ್ವ ಬೇಗ ತೀರಿಕೊಂಡಳು. ಗದಗದ ಕಡೆಯಿಂದ ನನ್ನನ್ನು ಮುಂಬೈಗೆ ಕರೆತಂದು ತನ್ನ ಮಗ ಸಾಮುವೇಲನ ಪಕ್ಕದಲ್ಲಿ ಹಾಸಿಗೆ ಹಾಸಿದವಳು ದೊಡ್ಡವ್ವ. ಇಬ್ಬರಿಗೂ ಒಂದೇ ತಟ್ಟೆಯಲ್ಲಿ ರೊಟ್ಟಿ ಹಾಕುತ್ತಿದ್ದಳು, ಇಬ್ಬರಿಗೂ ಒಂದೇ ಸೌಟಿನಿಂದ ಹೊಡೆಯುತ್ತಿದ್ದಳು. ಬಾಯಿ ಜೋರು. ಕೈ ಮೆತ್ತಗೆ. ಹೊಡೆದರೆ ನೋಯುತ್ತಿರಲಿಲ್ಲ, ಅದಕ್ಕೇ ನಾವು ಇನ್ನೂ ಜೋರಾಗಿ ಅಳುತ್ತಿದ್ದೆವು.

ಅವಳದೊಂದು ಚಟ ಇತ್ತು. ಏನು ಮಾಡುವ ಮೊದಲೂ ದೇವರ ಚಿತ್ತ ಏನು ಅಂತ ಕೇಳುವುದು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ, ಸುಮ್ಮನೆ ನಿಲ್ಲುವುದು. ನನಗೆ ಕೆಲಸ ಸಿಕ್ಕರೆ ಕೇಳಬೇಕು, ಬಿಟ್ಟರೆ ಕೇಳಬೇಕು. ಬಾಗಿಲಿಗೆ ಮೀನಿನವಳು ಬಂದರೂ ಕೇಳಬೇಕು. ಒಂದು ಸಲ ನಾನು ರೇಗಿದೆ. “ಬಂಗಡಿ ತಾಜಾ ಐತೋ ಇಲ್ಲೋ ಮೂಸಿ ನೋಡಿದ್ರ ಗೊತ್ತಾಗ್ತೈತಿ. ದೇವ್ರಿಗೆ ಯಾಕ ಕೇಳ್ತಿ?” ಅವಳು ಕಣ್ಣು ತೆರೆಯದೆ ಅಂದಳು, “ಮೂಗ ಕೊಟ್ಟಾಂವ ಯಾರು?” ಮೀನಿನವಳು ಬುಟ್ಟಿ ಹೊತ್ತು ಪಕ್ಕದ ಬಾಗಿಲಿಗೆ ಹೋಗಿದ್ದಳು.

ಮತ್ತೊಂದು, ಮುಷ್ಟಿ ಅಕ್ಕಿ. ನಮ್ಮ ಸಭೆಯ ಹೆಂಗಸರಲ್ಲಿ ಇದು ಹಿಂದಿನಿಂದ ಬಂದ ರೂಢಿ. ಅನ್ನಕ್ಕೆ ಅಕ್ಕಿ ಅಳೆದಾಗಲೆಲ್ಲ ಒಂದು ಮುಷ್ಟಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಡಬ್ಬಿ ತುಂಬಿದ ಮೇಲೆ ಬೇರೆಯವರು ಸಭೆಗೆ ಒಯ್ದು ಸುರಿಯುತ್ತಿದ್ದರು. ದೊಡ್ಡವ್ವ ಹಾಗೆ ಮಾಡುತ್ತಿರಲಿಲ್ಲ. ಡಬ್ಬಿಯ ಮೇಲೆ ಕೈ ಇಟ್ಟು ಯಾರಿಗೆ ಕೊಡಲಿ ಅಂತ ಕೇಳುತ್ತಿದ್ದಳು. ಆಮೇಲೆ ಒಂದು ಮನೆ ಹೇಳುತ್ತಿದ್ದಳು. ಹೊತ್ತುಕೊಂಡು ಹೋಗುವವನು ನಾನು. ಜಾತಿ ಧರ್ಮ ನೋಡುತ್ತಿರಲಿಲ್ಲ. ಒಂದು ಸಲ ನೀರಿನ ನಲ್ಲಿಯ ಹತ್ತಿರ ಜಗಳವಾಡಿ ದೊಡ್ಡವ್ವನ ಕೊಡ ಒದ್ದವಳ ಮನೆಗೇ ಕಳಿಸಿದ್ದಳು. “ಆಕಿಗ್ಯಾಕ?” ಅಂದರೆ, “ನನಗೂ ಮನಸಿಲ್ಲ. ಆದ್ರ ಆಕೀ ಹೆಸರ ಬಂತು. ಏನ ಮಾಡ್ಲಿ?” ಅಂದಿದ್ದಳು.

ಇಂಥವಳು ಆ ಭಾನುವಾರ ಒಬ್ಬ ಮನುಷ್ಯನಿಗೆ ಶಾಪ ಹಾಕಲು ಕುರ್ಚಿಯಲ್ಲಿ ಹೊರಟಿದ್ದಳು. ಆ ಮನುಷ್ಯ ಹನಮಪ್ಪ.

ಹನಮಪ್ಪ ಬಾಗಲಕೋಟೆ ಕಡೆಯವನು, ಬಣ್ಣದ ಕೆಲಸದ ಮುಕಾದಮ. ಎತ್ತರದ ಬಿಲ್ಡಿಂಗ್‌ಗಳ ಸುತ್ತ ಬಿದಿರು ಕಟ್ಟಿ, ಅದರ ಮೇಲೆ ಹುಡುಗರನ್ನು ಹತ್ತಿಸಿ ಗೋಡೆಗೆ ಬಣ್ಣ ಹೊಡೆಸುತ್ತಿದ್ದ. ಸಾಮುವೇಲ ಅವನ ಟೋಳಿಯಲ್ಲಿದ್ದ. ಹೆಂಡತಿ ಊರಲ್ಲಿ ಇದ್ದುದರಿಂದ ಹನಮಪ್ಪ ಎಷ್ಟೋ ರಾತ್ರಿ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದ. ದೊಡ್ಡವ್ವನ ಖಡಕ್ ರೊಟ್ಟಿ ಅಂದರೆ ಅವನಿಗೆ ಜೀವ. ಅವಳನ್ನು ಅವ್ವ ಎಂದೇ ಕರೆಯುತ್ತಿದ್ದ.

ಒಂದು ವರ್ಷ ಮೇ ತಿಂಗಳ ಕೊನೆಗೆ, ಮಳೆಗಾಲಕ್ಕೆ ಮೊದಲು ಕೆಲಸ ಮುಗಿಸಬೇಕೆಂಬ ಅವಸರ. ಮೊದಲ ಮಳೆ ಸುರಿದು ನಿಂತಿತ್ತು. ಬಿದಿರು ಒದ್ದೆ. ಒಣಗಲಿ ಅಂತ ಹುಡುಗರು ಅಂದರಂತೆ. ಹನಮಪ್ಪ ಹತ್ತಿ ಅಂದನಂತೆ. ಸಾಮುವೇಲ ಜಾರಿದ. ಆಸ್ಪತ್ರೆಗೆ ತಲುಪುವ ಮೊದಲೇ ಮುಗಿದಿತ್ತು. ನಾನು ಅಲ್ಲಿರಲಿಲ್ಲ. ಹನಮಪ್ಪ ಮಣ್ಣಿಗೂ ಬರಲಿಲ್ಲ. ಅವತ್ತಿನಿಂದಲೇ ಮಾಯವಾದ. ಅವನ ಮೇಲೆ ಪೊಲೀಸ್ ಕೇಸಾಗಿತ್ತು. ನಾನೂ ಹುಡುಕಿದೆ. ಗ್ರಾಂಟ್ ರೋಡಿನ ಕಡೆ ಬಣ್ಣದವರು ಇಳಿದುಕೊಳ್ಳುವ ಲಾಡ್ಜುಗಳಲ್ಲೆಲ್ಲ ಕೇಳಿದೆ. ಸಿಕ್ಕರೆ ಏನು ಮಾಡಬೇಕೆಂದಿದ್ದೆ ಅಂತ ಇಲ್ಲಿ ಬರೆಯುವುದಿಲ್ಲ. ನೀವು ಊಹಿಸಬಹುದು.

ದೊಡ್ಡವ್ವ ಮಾತ್ರ ಅವನ ಹೆಸರೇ ಎತ್ತಲಿಲ್ಲ. ಎಲ್ಲರಿಗಾಗಿ ಪ್ರಾರ್ಥನೆ ಮಾಡುವವಳು ಅವನ ಹೆಸರು ಬರುವ ಜಾಗದಲ್ಲಿ ಸುಮ್ಮನಾಗುತ್ತಿದ್ದಳು. ನನಗೆ ಅದು ಗೊತ್ತಾಗುತ್ತಿತ್ತು.

ಅವಳನ್ನು ತಿನ್ನುತ್ತಿದ್ದದ್ದು ಒಂದೇ ಪ್ರಶ್ನೆ. ಅಡುಗೆ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ ಕೇಳುತ್ತಿದ್ದಳು. “ಬಿದ್ದ ಮ್ಯಾಲೆ ಅವನ ಹತ್ರ ಯಾರರ ಇದ್ರೇನೋ? ಒಬ್ಬನ ಬಿದ್ದಿದ್ನೇನೋ?” ನನಗೇನು ಗೊತ್ತು. ಕೇಸಾದ ಮೇಲೆ ಟೋಳಿಯ ಹುಡುಗರೂ ಚದುರಿ ಹೋಗಿದ್ದರು. ಇದ್ದರು ಅಂತ ಸುಳ್ಳು ಹೇಳುತ್ತಿದ್ದೆ. ಅವಳು ನಂಬುತ್ತಿರಲಿಲ್ಲ.

ಎರಡು ವರ್ಷ ಕಳೆಯಿತು. ಒಂದು ಗುರುವಾರ ಪ್ರಾರ್ಥನೆಗೆ ಬಂದಿದ್ದ ನರ್ಸ್ ಸುಗುಣಮ್ಮ ಒಂದು ವಿಷಯ ಹೇಳಿದರು. ಸಾಂತಾಕ್ರೂಜ್‌ನಲ್ಲಿ ಏರ್‌ಪೋರ್ಟ್ ಗೋಡೆಯ ಪಕ್ಕದ ಝೋಪಡಿಯಲ್ಲಿ ನಮ್ಮ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ, ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಗಂಡ ಹಾಸಿಗೆ ಹಿಡಿದಿದ್ದಾನೆ, ಕೆಮ್ಮಿನಲ್ಲಿ ರಕ್ತ, ದವಾಖಾನೆಗೆ ಬಾ ಅಂದರೆ ಬರುವುದಿಲ್ಲ, ಹೀಗೇ ಬಿಟ್ಟರೆ ಸಾಯುತ್ತಾನೆ. ಹೆಸರು ಕೇಳಿದರೆ ಅವಳು ಹೇಳಲಿಲ್ಲವಂತೆ. ಎಲ್ಲರೂ ಆ ಮನೆಗಾಗಿ ಪ್ರಾರ್ಥನೆ ಮಾಡಿದರು. ಚಹಾ ಕುಡಿದು ಹೋದರು.

ಶನಿವಾರ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ದೊಡ್ಡವ್ವ ಅಕ್ಕಿ ಡಬ್ಬಿಯ ಮೇಲೆ ಕೈ ಇಟ್ಟು ಕಣ್ಣು ಮುಚ್ಚಿದಳು. ಆಮೇಲೆ, “ಸುಗುಣಮ್ಮ ಹೇಳಿದ್ಲಲ್ಲ, ಆ ಮನಿಗೆ” ಅಂದಳು. ಅದಕ್ಕೆ ಮೊದಲು ಅಕ್ಕಿ ಎಲ್ಲಿಗೆ ಅಂತ ಅವಳಿಗೇ ಗೊತ್ತಿರಲಿಲ್ಲ. ನಾನು ಗೊಣಗಿದೆ. ಶನಿವಾರ ಲೋಕಲ್‌ನಲ್ಲಿ ಅಕ್ಕಿ ಚೀಲ ಹಿಡಿದು ನಿಲ್ಲುವುದು ಎಂಥ ಕೆಲಸ ಅಂತ ಹತ್ತಿದವರಿಗೇ ಗೊತ್ತು.

ಮಧ್ಯಾಹ್ನ ವರ್ಕ್‌ಶಾಪಿನಿಂದ ನೇರ ಸಾಂತಾಕ್ರೂಜ್‌ಗೆ ಹೋದೆ. ಕೇಳುತ್ತ ಕೇಳುತ್ತ ಹೋದೆ. ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಒಬ್ಬ ಬಂದರೆ ಇಬ್ಬರೂ ಅಡ್ಡ ತಿರುಗಬೇಕು. ಕೊನೆಯ ತಗಡಿನ ಮನೆ. ಹೊರಗೆ ಒಬ್ಬಳು ಹೆಂಗಸು ಬಟ್ಟೆ ಹಿಂಡುತ್ತಿದ್ದಳು. ನನ್ನನ್ನೂ ಚೀಲವನ್ನೂ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಅಂದಳು.

“ಬಂದ್ರ್ಯಾ? ಅಕ್ಕಿ ಬರ್ತೈತಿ ಅಂತ ಅವ್ವಾರು ನಿನ್ನೆನ ಹೇಳಿ ಹೋಗ್ಯಾರ.”

ಯಾವ ಅವ್ವಾರು ಅಂತ ನಾನು ಕೇಳಲಿಲ್ಲ. ಸುಗುಣಮ್ಮ ಬಂದು ಹೇಳಿರಬೇಕು ಅಂದುಕೊಂಡೆ. ಚೀಲ ಒಳಗಿಡಲು ಬಗ್ಗಿದೆ. ಚಾಪೆಯ ಮೇಲೆ ಎಲುಬಿನ ಹಂದರವೊಂದು ಮಲಗಿತ್ತು. ಗಡ್ಡ ಬೆಳೆದಿತ್ತು. ಆದರೂ ಗುರುತು ಸಿಕ್ಕಿತು. ಅವನಿಗೂ ನನ್ನ ಗುರುತು ಸಿಕ್ಕಿತು. ಹೆದರುತ್ತಾನೆ, ಗೋಡೆಯ ಕಡೆ ತಿರುಗುತ್ತಾನೆ ಅಂದುಕೊಂಡೆ. ಅವನು ಹೆದರಲಿಲ್ಲ. ಸಣ್ಣ ದನಿಯಲ್ಲಿ ಕೇಳಿದ, “ಅವ್ವ ಕಳಿಸಿದ್ಲೇನು?”

ಎರಡು ವರ್ಷ ಕೈಯಲ್ಲಿ ಹಿಡಿದುಕೊಂಡು ತಿರುಗಿದ ಸಿಟ್ಟು. ಆದರೆ ಆ ದೇಹಕ್ಕೆ ಏನು ಮಾಡುವುದು? ಎತ್ತಿ ಹೊಡೆದರೆ ಎತ್ತುವಾಗಲೇ ಸಾಯುತ್ತಿದ್ದ. ಅಕ್ಕಿ ಅಲ್ಲೇ ಬಿಟ್ಟು ಹೊರಗೆ ಬಂದೆ. ಅವನ ಹೆಂಡತಿ ಹಿಂದಿನಿಂದ “ಒಂದ್ ಕಪ್ ಚಹಾ ಕುಡದ ಹೋಗ್ರಿ ಅಣ್ಣಾರ” ಅಂತ ಕರೆಯುತ್ತಿದ್ದಳು. ತಿರುಗಿ ನೋಡಲಿಲ್ಲ.

ದೊಡ್ಡವ್ವನಿಗೆ ಹೇಳಬೇಕೋ ಬೇಡವೋ ಅಂತ ಟ್ರೇನಿನಲ್ಲಿ ಯೋಚಿಸಿದೆ. ಮುಚ್ಚಿಡುವುದು ನನ್ನಿಂದ ಆಗದ ಕೆಲಸ. ಮಗ ಅವಳವನು. ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿಬಿಟ್ಟೆ. “ಅಕ್ಕಿ ಮುಟ್ಟಿತು. ಹನಮಪ್ಪನ ಮನಿ ಅದು.”

ಅವಳು ಸ್ಟೋವಿನ ಮುಂದೆ ಕೂತಿದ್ದಳು. ಸ್ಟೋವು ಆರಿಸಿದಳು.

“ನಾಳೆ ನನ್ನ ಅಲ್ಲಿಗೆ ಒಯ್ಯಿ” ಅಂದಳು.

“ಯಾಕ?”

“ನನ್ನ ಮಗನ್ನ ತಿಂದಾಂವ. ಅವನ ಮಾರಿ ಮ್ಯಾಲೆ ಹೇಳಬೇಕು. ಅವನ ಮನಿ ಹಾಳಾಗಲಿ, ಅವನ ಹೆಣಕ್ಕ ಮಣ್ಣ ಹಾಕಾವ್ರ ಯಾರೂ ಸಿಗದಿರಲಿ ಅಂತ ಹೇಳಬೇಕು. ನನ್ನ ಅಕ್ಕಿ ಅವನ ಹೊಟ್ಟ್ಯಾಗ ಬೆಂಕಿ ಆಗಲಿ ಅಂತ ಹೇಳಬೇಕು.”

ಅವಳ ಬಾಯಲ್ಲಿ ಅಂಥ ಮಾತು ನಾನು ಕೇಳಿರಲಿಲ್ಲ. ನನಗೇನೂ ತಪ್ಪು ಅನ್ನಿಸಲಿಲ್ಲ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಆದರೆ ಅವಳನ್ನು ಕೆಣಕದಿದ್ದರೆ ನನಗೆ ತಿಂದದ್ದು ಅರಗದು. “ದೇವರ ಚಿತ್ತ ಕೇಳಿದ್ಯಾ?” ಅಂದೆ.

“ಇದ್ರಾಗ ದೇವ್ರಿಗೆ ಕೇಳೂದ ಏನೈತಿ?” ಅಂದಳು. ಆ ರಾತ್ರಿ ಪ್ರಾರ್ಥನೆ ಮಾಡದೆ ಮಲಗಿದಳು. ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲ ಸಲ.

ಹೀಗಾಗಿ ಭಾನುವಾರ ಕುರ್ಚಿ, ಮೆಟ್ಟಿಲು, ಬೈಗುಳ. ಕೆಳಗೆ ಚಾಳಿನವರೆಲ್ಲ ಸೇರಿದ್ದರು. ಅಜ್ಜಿ ಎಲ್ಲಿಗೆ ಅಂತ ಕೇಳಿದರೆ ಪೇಶೆಂಟ್ ನೋಡಲು ಅಂದೆ. ಅದು ಸುಳ್ಳೇನಲ್ಲ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳು ಬಾಯಲ್ಲೇ ಏನೋ ಅಂದುಕೊಳ್ಳುತ್ತಿದ್ದಳು. ಪ್ರಾರ್ಥನೆ ಇರಬೇಕೆಂದು ಕಿವಿಗೊಟ್ಟೆ. ಅಲ್ಲ. ಬೈಗುಳವನ್ನೇ ಒಂದರ ಮೇಲೊಂದು ಜೋಡಿಸುತ್ತಿದ್ದಳು, ಆ ಹೊತ್ತಿಗೆ ಮರೆತುಬಿಡಬಾರದು ಅಂತ.

ರಿಕ್ಷಾ ಗಲ್ಲಿಯ ಬಾಯಿಗೇ ನಿಂತಿತು. ಒಳಗೆ ಹೋಗುವಂತಿರಲಿಲ್ಲ. ಅಲ್ಲಿಂದ ಅವಳನ್ನು ಬೆನ್ನ ಮೇಲೆ ಹೊತ್ತೆ. ಸಣ್ಣ ದೇಹ, ಆದರೂ ಭಾರ.

“ಏನ ತಿಂತಿ ಮುದುಕಿ?” ಅಂದೆ.

“ನಿನ್ನ ಎಷ್ಟ ವರ್ಷ ಹೊತ್ತೀನಿ, ಒಂದ ಗಲ್ಲಿಗೆ ಉಸ್ ಅಂತಿ. ನಡಿ ಸುಮ್ಮಕ.”

ಕೊನೆಯ ಮನೆಯ ಬಾಗಿಲಲ್ಲಿ ಆ ಹೆಂಗಸು ಕೂತು ನಾನು ತಂದ ಅಕ್ಕಿಯನ್ನು ಮೊರದಲ್ಲಿ ಹಾಕಿ ಆರಿಸುತ್ತಿದ್ದಳು. ಕಸ್ತೂರಿ ಅಂತ ಅವಳ ಹೆಸರು, ಆಮೇಲೆ ಗೊತ್ತಾಯಿತು. ಹನಮಪ್ಪ ಓಡಿಹೋದ ಮೇಲೆ ಊರಿನಿಂದ ಬಂದವಳು. ನಮ್ಮ ಚಾಳು ಎಲ್ಲಿದೆ ಅಂತ ಅವಳಿಗೆ ಗೊತ್ತಿಲ್ಲ. ಸಭೆಯವಳಲ್ಲ. ದೊಡ್ಡವ್ವನನ್ನು ನೋಡಿರುವ ಸಾಧ್ಯತೆಯೇ ಇಲ್ಲ. ನನ್ನ ಹೆಗಲ ಮೇಲಿನಿಂದ ಇಣುಕುತ್ತಿದ್ದ ಮುಖ ನೋಡಿದವಳು ಮೊರ ಕೆಳಗಿಟ್ಟು ಎದ್ದು ನಿಂತಳು. ನಗುತ್ತಿದ್ದಳು.

“ಬರ್ರಿ ಅವ್ವಾರ, ಬರ್ರಿ. ಅಯ್ಯ, ಶುಕ್ರವಾರ ಚಂದಂಗ ನಡಕೊಂಡ ಬಂದಿದ್ರಿ. ಇವತ್ತ ಹೊತ್ಕೊಂಡ ಬಂದಾರಲ್ಲ? ಕಾಲಿಗೆ ಏನಾತ್ರಿ?”

ನನ್ನ ಕುತ್ತಿಗೆ ಸುತ್ತಿದ್ದ ದೊಡ್ಡವ್ವನ ಕೈ ಬಿಗಿಯಾಯಿತು. ಉಸಿರು ಕಟ್ಟುವಷ್ಟು ಬಿಗಿ. ಅವಳನ್ನು ಹೊಸ್ತಿಲ ಮೇಲೆ ಇಳಿಸಿದೆ. ಅವಳು ಚೌಕಟ್ಟು ಹಿಡಿದು ನಿಂತು ಕೇಳಿದಳು.

“ಯಾರು ಬಂದಿದ್ರು?”

“ನೀವ ಅಲ್ಲೇನ್ರಿ?” ಅಂದಳು ಕಸ್ತೂರಿ. “ಇದ ಸೀರಿ, ಈ ತ್ಯಾಪಿ ಹಾಕಿದ್ದು. ಕೈ ಮ್ಯಾಲಿನ ಈ ಹಚ್ಚಿ. ನನ್ನ ಮಗಳು ಇದೇನಜ್ಜಿ ಅಂತ ಹಚ್ಚಿ ಹಿಡದ ಕೇಳಿದ್ಲು, ಚೇಳು, ಕಡೀತೈತಿ ನೋಡ ಅಂದ್ರಿ. ಮರತ್ರ್ಯಾ?”

ದೊಡ್ಡವ್ವನ ಬಲ ಮುಂಗೈ ಮೇಲೆ ಚಿಕ್ಕಂದಿನಲ್ಲಿ ಹಾಕಿಸಿದ ಚೇಳಿನ ಹಚ್ಚೆ ಇತ್ತು. ಸಣ್ಣವರಿದ್ದಾಗ ನನಗೂ ಸಾಮುವೇಲನಿಗೂ ಇದೇ ಮಾತು ಹೇಳಿ ಹೆದರಿಸುತ್ತಿದ್ದಳು. ಕಡೀತೈತಿ ನೋಡ.

ಒಳಗಿನಿಂದ ಹನಮಪ್ಪ “ಅವ್ವಾ” ಅಂದ.

ಅವಳು ನನ್ನ ತೋಳು ಹಿಡಿದು ಒಳಗೆ ಹೋದಳು. ಗೋಡೆಗೆ ಒರಗಿ ಅವನ ಚಾಪೆಯ ಪಕ್ಕ ಕೂತಳು. ದಾರಿಯುದ್ದ ಜೋಡಿಸಿ ತಂದಿದ್ದನ್ನು ಹೇಳುತ್ತಾಳೆ ಅಂತ ನಾನು ಕಾದೆ. ಅವಳ ಬಾಯಿಂದ ಬಂದದ್ದು ಬೇರೆ.

“ಶುಕ್ರವಾರ ನಾ ಬಂದಾಗ ನೀ ನನಗ ಏನ ಹೇಳಿದಿ? ಮತ್ತೊಮ್ಮೆ ಹೇಳು.”

ಅವನಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಮುದುಕಿ ಮರೆತಿದ್ದಾಳೆ, ಇಲ್ಲ ಇನ್ನೊಮ್ಮೆ ಕೇಳಬೇಕೆಂಬ ಆಸೆ ಅಂದುಕೊಂಡಿರಬೇಕು. ನಡುನಡುವೆ ಕೆಮ್ಮುತ್ತ ಹೇಳಿದ.

“ಅಂವ ಬಿದ್ದ ಕೂಡ್ಲೆ ನಾನ ಓಡಿ ಹೋಗಿ ತಲಿ ತೊಡಿ ಮ್ಯಾಲೆ ತಗೊಂಡೆ ಅವ್ವ. ಜೀವ ಇತ್ತು. ಒಂದ ಗುಟುಕ ನೀರ ಕುಡದ. ಮುಕಾದಮ, ಅವ್ವಗ ಹೇಳಬ್ಯಾಡ, ಅಂಜತಾಳ ಅಂದ. ಹೇಳೂದಿಲ್ಲ ಬಿಡೋ ಅಂದೆ. ನನ್ನ ಕೈ ಹಿಡಕೊಂಡಿದ್ದ. ಗಾಡಿ ಬರೂತನ ಹಿಡಕೊಂಡ ಇದ್ದ. ಆಮ್ಯಾಲೆ ಬಿಟ್ಟ. ನಿನಗ ಮಾರಿ ಹೆಂಗ ತೋರಸ್ಲಿ? ತೊಯ್ದ ಬಿದಿರು. ಹತ್ತ ಅಂದಾಂವ ನಾನ.”

ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಆ ಗಲ್ಲಿಯಲ್ಲಿ ವಿಮಾನ ಬಂದರೆ ತಗಡು, ಪಾತ್ರೆ, ಎದೆ ಎಲ್ಲ ನಡುಗುತ್ತದೆ. ಯಾರೂ ಮಾತಾಡುವಂತಿಲ್ಲ. ಆ ಸದ್ದು ಮುಗಿಯುವವರೆಗೂ ದೊಡ್ಡವ್ವ ಅವನ ಮುಖವನ್ನೇ ನೋಡುತ್ತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕಸ್ತೂರಿಯ ಕಡೆ ತಿರುಗಿದಳು. ಅವಳ ದನಿ ಸಣ್ಣ ಹುಡುಗಿಯ ದನಿಯಂತೆ ಇತ್ತು.

“ಇದನ್ನ ಕೇಳಿ ನಾ ಏನಂದೆ?”

“ಬಹಳ ಅತ್ರಿ. ಆಮ್ಯಾಲೆ ಇವರ ತಲಿ ಮ್ಯಾಲೆ ಕೈ ಇಟ್ಟ್ರಿ. ನಿನ್ನ ಮ್ಯಾಲೆ ನನ್ನದೇನೂ ತಕರಾರಿಲ್ಲ, ಕರ್ತ ನನಗ ಮಾಫಿ ಮಾಡಿದಂಗ ನಾ ನಿನಗ ಮಾಡೀನಿ ಅಂದ್ರಿ. ಪೊಲೀಸರಿಗೆ ಅಂಜಬ್ಯಾಡ, ದವಾಖಾನಿಗೆ ಹೋಗು, ಕೇಳಿದ್ರ ನಾ ಮುಂದ ನಿಂತ ಹೇಳ್ತೀನಿ ಅಂದ್ರಿ. ಅಕ್ಕಿ ಬರ್ತೈತಿ ಅಂದ್ರಿ. ಚಹಾ ಮಾಡ್ಲಿ ಅಂದೆ, ಬ್ಯಾಡ, ಹೊತ್ತ ಮುಳುಗಾಕ ಬಂತು ಅಂತ ಹೋದ್ರಿ.”

ನಾನು ದೊಡ್ಡವ್ವನನ್ನೇ ನೋಡುತ್ತಿದ್ದೆ. ನಾನಲ್ಲ ಬಂದದ್ದು, ನನಗೇನೂ ಗೊತ್ತಿಲ್ಲ, ನಾನು ಬಂದದ್ದು ಬೈಯಲು, ಇಷ್ಟು ಹೇಳಿದರೆ ಮುಗಿಯುತ್ತಿತ್ತು. ಅವಳಿಗೆ ಆ ಹಕ್ಕಿತ್ತು. ಹೇಳುತ್ತಾಳೆ ಅಂತಲೇ ನನಗೆ ಅನ್ನಿಸಿತು, ಬಾಯಿ ತೆರೆದಳು ಕೂಡ. ಹನಮಪ್ಪ ಚಾಪೆಯಿಂದ ಅವಳನ್ನೇ ನೋಡುತ್ತಿದ್ದ. ಕೊಟ್ಟ ಊಟವನ್ನು ಮತ್ತೆ ಕಿತ್ತುಕೊಳ್ಳುತ್ತಾರೋ ಏನೋ ಅಂತ ಹಸಿದವನು ನೋಡುವ ಹಾಗೆ.

“ಹಂಗ ಅಂದಿದ್ರ ಹಂಗ” ಅಂದಳು ದೊಡ್ಡವ್ವ.

ಕೈ ಎತ್ತಿ ಅವನ ತಲೆಯ ಮೇಲೆ ಇಟ್ಟಳು. ಪ್ರಾರ್ಥನೆ ಮಾಡಲು ನೋಡಿದಳು, ಮಾತು ಬರಲಿಲ್ಲ. ಸುಮ್ಮನೆ ಇಟ್ಟುಕೊಂಡು ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಚಪ್ಪಲಿಗಳ ಹತ್ತಿರ ಅಲ್ಲ, ಒಳಗೇ ನಿಂತಿದ್ದೆ.

ಎಷ್ಟು ಹೊತ್ತಾಯಿತೋ. ಕೊನೆಗೆ ಅವಳೇ ನನ್ನ ಮೇಲೆ ರೇಗಿದಳು. “ಕಂಬದಂಗ ನಿಂತೀಯಲ್ಲ ಖೋಡಿ, ಎತ್ತ ಅವನ್ನ! ರಿಕ್ಷಾ ಹೋಗಿಬಿಟ್ಟೀತು.”

ಎತ್ತಿದೆ. ಅವಳಿಗಿಂತ ಹಗುರ ಇದ್ದ. ಅವನನ್ನು ಹೊತ್ತು ಗಲ್ಲಿ ದಾಟುವಾಗ ಅವನು ನನ್ನ ಕಿವಿಯ ಹತ್ತಿರ ಸಾಮುವೇಲನ ಹೆಸರು ಹೇಳುತ್ತಿದ್ದ, ಮತ್ತೇನನ್ನೂ ಹೇಳುತ್ತಿರಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು ಅಂತ ಬರೆಯಲಾರೆ. ಬೀಳಿಸಬಾರದು ಅನ್ನುವುದೊಂದೇ ತಲೆಯಲ್ಲಿತ್ತು. ಅವನನ್ನು ರಿಕ್ಷಾದಲ್ಲಿ ಕೂರಿಸಿ, ಮತ್ತೆ ಬಂದು ದೊಡ್ಡವ್ವನನ್ನು ಹೊತ್ತೆ. ಮುನಿಸಿಪಾಲಿಟಿ ದವಾಖಾನೆಯಲ್ಲಿ ಸುಗುಣಮ್ಮ ಓಡಾಡಿ ಹಾಸಿಗೆ ಕೊಡಿಸಿದರು. ಇನ್ನೊಂದು ವಾರ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರಂತೆ ಡಾಕ್ಟರು. ಉಳಿದ. ಬಹಳ ದಿನ ಇಂಜೆಕ್ಷನ್, ಗುಳಿಗೆ. ಕೇಸಿನ ವಿಷಯ ಬಂದಾಗ ದೊಡ್ಡವ್ವ ಮತ್ತೆ ಕುರ್ಚಿಯಲ್ಲಿ ಇಳಿದು ಠಾಣೆಗೆ ಬಂದು ಸಾಹೇಬರ ಮುಂದೆ ತನ್ನದೇನೂ ತಕರಾರಿಲ್ಲ ಅಂತ ಹೇಳಿದಳು. ಅವರು ಬರೆದುಕೊಂಡರು. ಹನಮಪ್ಪ ಈಗ ಹೆಂಡತಿ ಮಗಳ ಜೊತೆ ಊರಲ್ಲಿದ್ದಾನೆ.

ಇನ್ನು ನಾನು ವಿಚಾರಿಸಿದ್ದನ್ನು ಹೇಳುತ್ತೇನೆ. ಏಕೆಂದರೆ ನೀವು ಕೇಳುವುದನ್ನೆಲ್ಲ ನಾನೇ ಮೊದಲು ಕೇಳಿದ್ದೇನೆ.

ಸುಗುಣಮ್ಮ ಆ ಶುಕ್ರವಾರ ಆ ಮನೆಗೆ ಹೋಗಿರಲಿಲ್ಲ, ಡ್ಯೂಟಿಯಲ್ಲಿದ್ದರು. ಕಸ್ತೂರಿ ಗಂಡನನ್ನು ಉಳಿಸಿಕೊಳ್ಳಲು ಕಥೆ ಕಟ್ಟಿದಳೇ? ಶನಿವಾರ ನಾನು ಹೋದ ಮೇಲೆ ಗಂಡನಿಂದ ಎಲ್ಲ ತಿಳಿದು ಹೀಗೆ ಮಾಡಿರಬಹುದು ಅಂತ ನಾನೂ ಸಂಶಯಪಟ್ಟೆ. ಆದರೆ ಅಕ್ಕಿಯ ಮಾತನ್ನು ಅವಳು ಹೇಳಿದ್ದು ನನ್ನ ಮುಖ ಮೊದಲು ನೋಡಿದಾಗಲೇ. ಆ ಸೀರೆಗೆ ತೇಪೆ ಹಾಕಿದ್ದು ಆ ವಾರವೇ, ನನ್ನ ಕಣ್ಣೆದುರಿಗೆ. ಹನಮಪ್ಪ ಅದನ್ನು ನೋಡಿರಲಾರ. ಪಕ್ಕದ ಝೋಪಡಿಯ ಇಬ್ಬರು ಹೆಂಗಸರನ್ನು ಬೇರೆ ಬೇರೆ ಕೇಳಿದೆ. ಹೌದು, ಶುಕ್ರವಾರ ಸಂಜೆ ಮುದುಕಿ ಬಂದಿದ್ದಳು, ಬೇಗ ಬೇಗ ನಡೆಯುತ್ತಿದ್ದಳು ಅಂದರು.

ಶೇವಂತಾಬಾಯಿಯನ್ನು ಕೇಳಿದೆ. ಶುಕ್ರವಾರ ಮಧ್ಯಾಹ್ನ ಅವಳೇ ದೊಡ್ಡವ್ವನ ಮಂಡಿಗೆ ಎಣ್ಣೆ ತಿಕ್ಕಿದ್ದಳು. ಆಮೇಲೆ ದೊಡ್ಡವ್ವ ಮಲಗಿದಳಂತೆ. ನಾಲ್ಕು ಗಂಟೆಗೆ ಚಹಾ ತಂದು ಎಬ್ಬಿಸಿದರೆ ಏಳಲಿಲ್ಲ. ಅಲ್ಲಾಡಿಸಿದರೂ ಏಳಲಿಲ್ಲ. ಮೈ ತಣ್ಣಗಿತ್ತು, ಉಸಿರಾಡುತ್ತಿದ್ದಳು. ಶೇವಂತಾಬಾಯಿ ಹೆದರಿ ಪಕ್ಕದಲ್ಲೇ ಕೂತಿದ್ದಳು. ದೀಪ ಹಚ್ಚುವ ಹೊತ್ತಿಗೆ ತಾನಾಗೇ ಎದ್ದು, ಬಹಳ ದಣಿವಾಗಿದೆ ಅಂತ ತನ್ನ ಹರಕು ಮರಾಠಿಯಲ್ಲಿ ಅಂದಳಂತೆ. ಮುದುಕರ ನಿದ್ದೆ ಹಾಗೆ ಇರಬಹುದು. ಡಾಕ್ಟರರನ್ನು ಕೇಳಿದರೆ ಅವರೂ ಇರಬಹುದು ಅಂದರು.

ಆ ಭಾನುವಾರ ದವಾಖಾನೆಯಿಂದ ರಿಕ್ಷಾದಲ್ಲಿ ಮನೆಗೆ ಬರುವಾಗ ದೊಡ್ಡವ್ವ ನನ್ನ ಹೆಗಲ ಮೇಲೆ ತಲೆ ಇಟ್ಟಿದ್ದಳು. ನಿದ್ದೆ ಹೋದಳು ಅಂದುಕೊಂಡಿದ್ದೆ. ಒಮ್ಮೆಲೇ ಕೇಳಿದಳು.

“ನಾ ಹೋಗಿದ್ನೇನೋ?”

“ನೀ ಹೇಳಬೇಕು. ನನಗೇನ ಗೊತ್ತು?”

“ನನಗೂ ಗೊತ್ತಿಲ್ಲೋ. ನಾ ಅಂತೂ ಬೈಯಾಕ ಬಂದಿದ್ದೆ. ನನ್ನ ಹೆಸರಲೆ ಯಾರ ಬಂದ ಮಾಫಿ ಮಾಡಿ ಹೋದ್ರೋ? ನನ್ನ ಒಂದ್ ಮಾತ ಕೇಳಬಾರದಾಗಿತ್ತಾ?”

ಅಂದು ನಕ್ಕಳೋ ಅತ್ತಳೋ, ರಿಕ್ಷಾದ ಸದ್ದಿನಲ್ಲಿ ನನಗೆ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಸಾಮು ಒಬ್ಬನ ಇರ್ಲಿಲ್ಲ ನೋಡು. ಕೈ ಹಿಡಕೊಂಡಿದ್ನಂತ” ಅಂದಳು. ಅದಾದ ಮೇಲೆ ಸಾಯುವವರೆಗೂ ಆ ಪ್ರಶ್ನೆಯನ್ನು ಅವಳು ಮತ್ತೆ ಕೇಳಲಿಲ್ಲ.

ಶುಕ್ರವಾರ ಆ ಗಲ್ಲಿಗೆ ನಡೆದು ಬಂದವಳು ಯಾರು, ನನಗೆ ಗೊತ್ತಿಲ್ಲ. ಇದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಇಲ್ಲ.